ಶುಕ್ರವಾರದ ಪೇಟೆ

ಮೊದಲು ಈ ಕ್ಲಿಪ್ ನೋಡಿ. 2020ರ ಏಪ್ರಿಲ್, ಬೆಳಗ್ಗೆ ಒಂಬತ್ತೂವರೆ. ಫೋನಲ್ಲಿ ತೆಗೆದಿದ್ದು, ಅದಕ್ಕೇ ಇಷ್ಟು ಅಲ್ಲಾಡ್ತಿದೆ. ಊರಿನ ನಟ್ಟನಡುವೆ ನಾಲ್ಕು ರಸ್ತೆ ಕೂಡೋ ಜಾಗ. ಸಿಗ್ನಲ್ ಕೆಂಪಾಗುತ್ತೆ, ಹಸಿರಾಗುತ್ತೆ, ಮತ್ತೆ ಕೆಂಪಾಗುತ್ತೆ. ಯಾರಿಗೋಸ್ಕರ? ರಸ್ತೇಲಿ ಒಂದು ನರಪಿಳ್ಳೆ ಇಲ್ಲ. ಕಿವಿಗೊಟ್ಟು ಕೇಳಿ, ಬಣ್ಣ ಬದಲಾಗುವಾಗ ಆ ಕಂಬದ ಪೆಟ್ಟಿಗೆಯೊಳಗೆ ಟಕ್ ಅಂತ ಒಂದು ಸದ್ದಾಗುತ್ತೆ. ಎಷ್ಟೋ ವರ್ಷ ಅದೇ ದಾರೀಲಿ ಓಡಾಡಿದೋನು ನಾನು. ಅಲ್ಲಿ ಹಾಗೊಂದು ಸದ್ದಿದೆ ಅಂತ ಅವತ್ತೇ ಗೊತ್ತಾಗಿದ್ದು.

ಊರಿನ ಹೆಸರು ಹೇಳಲ್ಲ. ಆ ತಿಂಗಳು ಯಾವ ದೊಡ್ಡ ಊರಿನ ನಡುಭಾಗಕ್ಕೆ ಹೋಗಿ ನಿಂತಿದ್ರೂ ಹೆಚ್ಚುಕಮ್ಮಿ ಇದೇ ಕ್ಲಿಪ್ ಸಿಗ್ತಿತ್ತು. ನಕ್ಷೆ ಬರೆಯೋರು ಅದನ್ನ ಕೇಂದ್ರ ವಾಣಿಜ್ಯ ಪ್ರದೇಶ ಅಂತಾರೆ, ಆಫೀಸಿನೋರು ಡೌನ್‌ಟೌನ್ ಅಂತಾರೆ. ನಾನು ಪೇಟೆ ಅಂತೀನಿ.

ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ತುರ್ತುಸ್ಥಿತಿ ಮುಗೀತು ಅಂತ ಹೇಳಿದ್ದು 2023ರ ಮೇ 5ಕ್ಕೆ. ಅಷ್ಟು ಹೊತ್ತಿಗೆ ಮಾಸ್ಕ್ ಡ್ರಾಯರ್ ಸೇರಿ ಎಷ್ಟೋ ದಿನ ಆಗಿತ್ತು. ಪೇಟೆಗೆ ಜನ ವಾಪಸ್ ಬಂದಿದ್ರು ಕೂಡ. ಆದ್ರೆ ಹೋದ ಹಾಗೆ ಬರಲಿಲ್ಲ. ಈ ವಿಡಿಯೊ ಆ ವ್ಯತ್ಯಾಸದ ಬಗ್ಗೆ.

ಮೊನ್ನೆ ಅದೇ ಜಾಗದಲ್ಲಿ ನಿಂತು ಮತ್ತೆ ಎರಡು ಸಲ ಶೂಟ್ ಮಾಡಿದೆ. ಎಡಗಡೆದು ಮಂಗಳವಾರ, ಬಲಗಡೆದು ಶುಕ್ರವಾರ. ಎರಡೂ ಅದೇ ಒಂಬತ್ತೂವರೆ. ಮಂಗಳವಾರ ಲಿಫ್ಟ್ ಮುಂದಿನ ಸಾಲು ಬಾಗಿಲಾಚೆ ಬಂದು ನಿಂತಿದೆ. ಶುಕ್ರವಾರ ಸೆಕ್ಯೂರಿಟಿಯವರು ಕುರ್ಚೀನ ಬಿಸಿಲಿಗೆ ಎಳ್ಕೊಂಡು ಕೂತಿದಾರೆ.

ಇದು ನನ್ನ ಕಣ್ಣಿನ ಭ್ರಮೆ ಅಲ್ಲ. ಅಮೆರಿಕದಲ್ಲಿ ಕ್ಯಾಸಲ್ ಸಿಸ್ಟಮ್ಸ್ ಅಂತ ಒಂದು ಕಂಪನಿ ಇದೆ. ಆಫೀಸ್ ಬಾಗಿಲಲ್ಲಿ ಕಾರ್ಡ್ ತೋರಿಸಿ ಒಳಗೆ ಹೋಗ್ತೀವಲ್ಲ, ಆ ಯಂತ್ರಗಳನ್ನ ನಡೆಸೋರು. ಯಾವ ದಿನ ಎಷ್ಟು ಕಾರ್ಡ್ ಅಂತ ಅಲ್ಲಿನ 10 ಮಹಾನಗರಗಳ ಲೆಕ್ಕ ಪ್ರಕಟಿಸ್ತಾ ಬಂದ್ರು. 2023ರ ಹೊತ್ತಿಗೆ ಅದು ಮೊದಲಿನ ಅರ್ಧಕ್ಕೆ ಬಂತು, ಬಂದು ಹೆಚ್ಚುಕಮ್ಮಿ ಅಲ್ಲೇ ಕೂತ್ಕೊಂಡಿತು. ಅದರಲ್ಲೂ ಮಂಗಳವಾರ ಜಾಸ್ತಿ, ಶುಕ್ರವಾರ ತೀರಾ ಕಮ್ಮಿ.

ಈಗ ಆ ಕಟ್ಟಡದ ನೆಲಮಹಡಿಯೋರ ಕಡೆಯಿಂದ ಯೋಚನೆ ಮಾಡಿ. ಶೂ ರಿಪೇರಿ, ಬೀಗದ ಕೈ, ಮಧ್ಯಾಹ್ನದ ಊಟ, ಹೂವಿನ ಬೊಕೆ. ಬಾಡಿಗೆ ತಿಂಗಳ ಮೂವತ್ತೂ ದಿನಕ್ಕೆ ಕಟ್ಟಬೇಕು. ಗಿರಾಕಿ ಬರೋದು ವಾರಕ್ಕೆ ಮೂರೇ ದಿನ. ಮಂಗಳವಾರ ಕೈ ಸಾಲಲ್ಲ, ಶುಕ್ರವಾರ ಕೈಗೆ ಕೆಲಸ ಇಲ್ಲ. ಸಹಾಯಕ್ಕೆ ಆಳಿಟ್ರೆ ನಷ್ಟ, ಇಡದಿದ್ರೂ ನಷ್ಟ. ತಲೆ ಮೇಲಿನ ಇಪ್ಪತ್ತು ಮಹಡಿಯೇ ಅವರ ಹೊಲ. ಅಲ್ಲಿ ಬೆಳೀತಿದ್ದಿದ್ದು ಒಂದೇ ಬೆಳೆ, ಒಂಬತ್ತರಿಂದ ಆರರವರೆಗಿನ ನೌಕರ. ಒಂದೇ ಬೆಳೆ ನಂಬಿದೋನಿಗೆ ಒಂದು ರೋಗ ಬಂದ್ರೆ ಸಾಕಲ್ಲ.

ಆ ನೌಕರರು ಎಲ್ಲಿಗೆ ಹೋದ್ರು? ಮಾಯ ಆಗಲಿಲ್ಲ, ಅಂಚಿಗೆ ಸರಿದ್ರು. ಅರ್ಜುನ್ ರಮಣಿ ಮತ್ತು ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ 2021ರಲ್ಲಿ ಇದಕ್ಕೆ ಡೋನಟ್ ಪರಿಣಾಮ ಅಂತ ಹೆಸರಿಟ್ಟರು. ಡೋನಟ್ ಅಂದ್ರೆ ವಡೆ ಥರ ನಡುವೆ ತೂತಿರೋ ಒಂದು ಸಿಹಿತಿಂಡಿ. ಊರಿನ ನಡುಭಾಗದಲ್ಲಿ ಬಾಡಿಗೆ, ಜನ, ವ್ಯವಹಾರ ಇಳೀತು, ಸುತ್ತಲಿನ ಬಡಾವಣೆಗಳಲ್ಲಿ ಏರಿತು. ನನಗೆ ಅದು ಬಳೆ ಥರ ಕಾಣುತ್ತೆ. ಸುತ್ತ ಹೊಳಪು, ನಡುವೆ ಖಾಲಿ.

ಖಾಲಿ ಅಂದ ತಕ್ಷಣ ಎಲ್ಲರೂ ಸ್ಯಾನ್ ಫ್ರಾನ್ಸಿಸ್ಕೊ ಕಡೆ ಬೆರಳು ತೋರಿಸ್ತಾರೆ. ನಾನೂ ತೋರಿಸ್ತೀನಿ, ತಪ್ಪಿಸ್ಕೊಳ್ಳೋಕಾಗಲ್ಲ. 2023ರಲ್ಲಿ ಅಲ್ಲಿನ ಆಫೀಸ್ ಜಾಗದಲ್ಲಿ ಶೇ 30ಕ್ಕೂ ಹೆಚ್ಚು ಖಾಲಿ ಬಿದ್ದಿತ್ತು. ಟೊರೊಂಟೊ ವಿಶ್ವವಿದ್ಯಾಲಯದೋರು ಮೊಬೈಲ್ ಫೋನ್‌ಗಳ ಓಡಾಟದ ಲೆಕ್ಕ ಹಿಡಿದು ಉತ್ತರ ಅಮೆರಿಕದ ಹತ್ತಾರು ಪೇಟೆಗಳನ್ನ ಅಳೆದಾಗ, 2022ರ ಪಟ್ಟೀಲಿ ಕೊನೇ ಸ್ಥಾನ ಇದೇ ಊರಿಗೆ. ಮೊದಲನೇ ಸ್ಥಾನ ಸಾಲ್ಟ್ ಲೇಕ್ ಸಿಟಿಗೆ. ಅಲ್ಲಿ ಕೋವಿಡ್‌ಗೆ ಮುಂಚೆಗಿಂತ ಹೆಚ್ಚು ಓಡಾಟ! ಯಾಕೆ ಹೀಗೆ ಅಂತ ನೋಡಿದ್ರೆ, ಸಾಫ್ಟ್‌ವೇರ್, ಹಣಕಾಸು ಅಂತ ಲ್ಯಾಪ್‌ಟಾಪ್ ಜೊತೆ ಮನೆಗೆ ಹೋಗಬಲ್ಲ ಕೆಲಸಗಳನ್ನೇ ತುಂಬ್ಕೊಂಡಿದ್ದ ಪೇಟೆಗಳು ಜೋರಾಗಿ ಬಿದ್ದಿದ್ವು. ಆಸ್ಪತ್ರೆ, ಕಾಲೇಜು, ಹೋಟೆಲ್, ಆಟ, ನಾಟಕ ಇದ್ದ ಪೇಟೆಗಳು ಬೇಗ ಎದ್ದವು. ರೋಗಿಯ ನಾಡಿ ಹಿಡಿಯೋ ನರ್ಸ್ ಮನೆಯಿಂದ ಕೆಲಸ ಮಾಡೋಕಾಗಲ್ಲ ನೋಡಿ.

ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟೈನ್ ವಾನ್ ನ್ಯೂವರ್‌ಬರ್ಗ್ ಇನ್ನೂ ಭಯಂಕರವಾದ ಚಿತ್ರ ಬಿಡಿಸಿದ್ರು. ಕಟ್ಟಡ ಖಾಲಿ ಆದ್ರೆ ಅದರ ಬೆಲೆ ಇಳಿಯುತ್ತೆ, ಬೆಲೆ ಇಳಿದ್ರೆ ಆಸ್ತಿ ತೆರಿಗೆ ಇಳಿಯುತ್ತೆ. ತೆರಿಗೆ ಇಲ್ಲದೆ ಕಸ ಎತ್ತೋದು, ಬೀದಿದೀಪ, ರೈಲು ಎಲ್ಲ ಸೊರಗುತ್ತೆ, ಸೊರಗಿದ ಪೇಟೆಗೆ ಇನ್ನೂ ಕಮ್ಮಿ ಜನ ಬರ್ತಾರೆ. ಸುಳಿ. ಸಿಕ್ಕಿಹಾಕ್ಕೊಂಡ್ರೆ ಕೆಳಗೇ. ಓದುವಾಗ ನನಗೂ ಎದೆ ಝಲ್ ಅಂತು. ಆದ್ರೆ ಇದು ಆಗೇ ತೀರುತ್ತೆ ಅಂತ ನಂಬೋಕೆ ಮನಸ್ಸಿಲ್ಲ. ಊರುಗಳು ಸುಮ್ನೆ ಕೂತಿರಲ್ಲ.

ಹಳೇದೊಂದು ನೆನಪು ಮಾಡ್ಕೊಳ್ಳಿ. 1918ರ ಅಕ್ಟೋಬರ್, ಇನ್‌ಫ್ಲುಯೆಂಜಾ. ನ್ಯೂಯಾರ್ಕ್‌ನ ಆರೋಗ್ಯ ಆಯುಕ್ತ ರಾಯಲ್ ಕೋಪ್‌ಲ್ಯಾಂಡ್ ಊರಿಗೇ ಬೀಗ ಹಾಕಲಿಲ್ಲ. ಅಂಗಡಿ, ಆಫೀಸು, ಥಿಯೇಟರು ಒಂದೊಂದಕ್ಕೂ ಬೇರೆ ಬೇರೆ ಹೊತ್ತು ಗೊತ್ತು ಮಾಡಿದ್ರು. ಎಲ್ಲರೂ ಒಂದೇ ಗಳಿಗೇಲಿ ಸುರಂಗ ರೈಲಿಗೆ ನುಗ್ಗಬಾರದು, ಅಷ್ಟೇ ಉದ್ದೇಶ. ರೋಗದ ಮೇಲೆ ಅದರ ಪರಿಣಾಮ ಎಷ್ಟು ಅಂತ ಇವತ್ತಿಗೂ ವಾದ ಇದೆ. ನನಗೆ ಹಿಡಿಸಿದ್ದು ಆ ಯೋಚನೆ. ಪೇಟೆ ಅಂದ್ರೆ ಬರೀ ಜಾಗ ಅಲ್ಲ, ಅದೊಂದು ವೇಳಾಪಟ್ಟಿ ಅಂತ ಅವರಿಗೆ ಹೊಳೆದಿತ್ತು.

2020ರಲ್ಲಿ ಮೊದಲು ಕೈಗೆ ಸಿಕ್ಕಿದ್ದು ರಸ್ತೆ. ಮಿಲಾನ್ ಏಪ್ರಿಲ್‌ನಲ್ಲೇ 35 ಕಿಲೋಮೀಟರ್ ರಸ್ತೇನ ನಡೆಯೋರಿಗೆ, ಸೈಕಲ್‌ನೋರಿಗೆ ಬಿಡ್ತೀವಿ ಅಂತ ಘೋಷಿಸಿತು. ಮೇ ತಿಂಗಳಲ್ಲಿ ಪ್ಯಾರಿಸ್‌ನ ಮೇಯರ್ ಆನ್ ಇಡಾಲ್ಗೊ ರಿವೊಲಿ ಬೀದಿಯ ಬಹುಪಾಲನ್ನ ಸೈಕಲ್‌ಗೆ ಕೊಟ್ರು. ಜೂನ್‌ನಲ್ಲಿ ನ್ಯೂಯಾರ್ಕ್ ಪಾರ್ಕಿಂಗ್ ಜಾಗದಲ್ಲಿ ಊಟದ ಮೇಜು ಹಾಕೋಕೆ ಬಿಟ್ಟಿತು. ಮೊದಮೊದಲು ಹಗ್ಗ, ಡ್ರಮ್ಮು, ಬಣ್ಣದ ಗೆರೆ, ಇಷ್ಟೇ. ವರ್ಷಗಟ್ಟಲೆ ಸಭೆಗಳಲ್ಲಿ ಮುಂದಕ್ಕೆ ಹೋಗ್ತಿದ್ದ ಕೆಲಸ ಎರಡು ರಾತ್ರೀಲಿ ಮುಗೀತು. ಆಮೇಲೆ ರಿವೊಲಿ ಸೈಕಲ್‌ಗೇ ಉಳೀತು.

ಖಾಲಿ ಅಂಗಡಿಗಳಿಗೆ ಸ್ಯಾನ್ ಫ್ರಾನ್ಸಿಸ್ಕೊ 2023ರಲ್ಲಿ ಒಂದು ಉಪಾಯ ಹೂಡಿತು. ಸಣ್ಣ ವ್ಯಾಪಾರಿಗಳಿಗೆ, ಕಲಾವಿದರಿಗೆ ಕೆಲವು ತಿಂಗಳು ಬಾಡಿಗೆ ಇಲ್ಲದೆ ಜಾಗ. ಒಳ್ಳೇದೇ. ಆದ್ರೆ ಆ ಕೆಲವು ತಿಂಗಳು ಮುಗಿದ ಮೇಲೆ ಅನ್ನೋ ಪ್ರಶ್ನೆ ಹಾಗೇ ಇರುತ್ತೆ.

ಇನ್ನು ಎಲ್ಲರ ಬಾಯಲ್ಲೂ ಇರೋ ಮಾತು: ಖಾಲಿ ಆಫೀಸುಗಳನ್ನ ಮನೆ ಮಾಡಿಬಿಡಿ. ಕೇಳೋಕೆ ಎಷ್ಟು ಸಲೀಸು! ಈ ಶಾಟಲ್ಲಿ ಒಂದು ಖಾಲಿ ಮಹಡಿ ಒಳಗೆ ನಡೀತಿದೀನಿ. ಕಿಟಕಿ ಹತ್ರ ಬೆಳಕು ಚೆನ್ನಾಗಿದೆ. ಹತ್ತು ಹೆಜ್ಜೆ ಒಳಗೆ ಬಂದೆ, ಮಬ್ಬು. ಇನ್ನೂ ಹತ್ತು ಹೆಜ್ಜೆ, ಟಾರ್ಚ್ ಹಾಕಿದೀನಿ ನೋಡಿ. ಏಸಿ, ಟ್ಯೂಬ್‌ಲೈಟ್ ಬಂದ ಮೇಲೆ ಕಟ್ಟಿದ ಆಫೀಸುಗಳು ಹೀಗೇ ದಪ್ಪ, ಕಿಟಕಿ ದೂರ. ಶೌಚಾಲಯ ಎಲ್ಲ ನಡುವೆ, ಲಿಫ್ಟ್ ಪಕ್ಕ. ಹನ್ನೆರಡು ಮನೆ ಮಾಡಿದ್ರೆ ಹನ್ನೆರಡು ಬಚ್ಚಲು, ಹನ್ನೆರಡು ಅಡುಗೆಮನೆ, ಅಷ್ಟಕ್ಕೂ ನೀರಿನ ಪೈಪು. ಎಷ್ಟೋ ಕಡೆ ಕಿಟಕಿ ತೆಗೆಯೋಕೇ ಬರಲ್ಲ. ಅದಕ್ಕಿಂತ ಹಳೇ ಕಟ್ಟಡಗಳೇ ವಾಸಿ, ಗಾಳಿ ಬೆಳಕಿಗೆ ಕಿಟಕಿ ಬಿಟ್ರೆ ಬೇರೆ ಗತಿ ಇರದಿದ್ದ ಕಾಲದವು, ಸಪೂರ ಇರ್ತವೆ.

ಹಠ ಹಿಡಿದೋರು ಏನು ಮಾಡ್ತಾರೆ ಗೊತ್ತಾ? ಕಟ್ಟಡದ ಹೊಟ್ಟೇಲಿ ಮೇಲಿಂದ ಕೆಳಗಿನವರೆಗೆ ಒಂದು ಬಾವಿ ಕೊರೀತಾರೆ, ಆಕಾಶದ ಬೆಳಕು ಒಳಗೆ ಇಳೀಲಿ ಅಂತ. ತೊಟ್ಟಿಮನೆ ನೋಡಿದೋರಿಗೆ ಇದರಲ್ಲಿ ಹೊಸದೇನಿಲ್ಲ ಬಿಡಿ. ಖರ್ಚು ಮಾತ್ರ ಹೊಸದು. ಕೆನಡಾದ ಕ್ಯಾಲ್ಗರಿ 2021ರಲ್ಲಿ ಆಫೀಸನ್ನ ಮನೆ ಮಾಡೋರಿಗೆ ಚದರ ಅಡಿಗೆ 75 ಕೆನಡಾ ಡಾಲರ್ ಕೊಡ್ತೀವಿ ಅಂತು. ಅಲ್ಲಿ ಕಚ್ಚಾ ತೈಲದ ಬೆಲೆ ಬಿದ್ದು ಕೋವಿಡ್‌ಗೆ ಮುಂಚೇನೇ ಮಹಡಿಗಳು ಖಾಲಿ ಇದ್ವು, ಹಾಗಾಗಿ ಬುದ್ಧೀನೂ ಬೇಗ ಬಂತು. ಸರ್ಕಾರದ ಕೈ ಹಿಡಿಯದೆ ಈ ಲೆಕ್ಕ ಕೂಡೋದು ಕಷ್ಟ.

ಹಾಗಂತ ಮನೆ ಕಟ್ಟಿದ ತಕ್ಷಣ ಪೇಟೆ ಬದುಕಿಬಿಡುತ್ತೆ ಅಂತಲೂ ಅಲ್ಲ. ಮೆಲ್ಬರ್ನ್ 1992ರಲ್ಲೇ ಪೋಸ್ಟ್‌ಕೋಡ್ 3000 ಅನ್ನೋ ಯೋಜನೆ ಮಾಡಿ, ಸಂಜೆ ಆದ್ರೆ ಬಿಕೋ ಅಂತಿದ್ದ ನಡುಭಾಗಕ್ಕೆ ನಿವಾಸಿಗಳನ್ನ ತಂದಿತ್ತು. ಜಗತ್ತೇ ಅದನ್ನ ಹೊಗಳ್ತಿತ್ತು. ಕೋವಿಡ್‌ನಲ್ಲಿ ಆ ಊರು ಒಟ್ಟು 262 ದಿನ ಲಾಕ್‌ಡೌನ್ ಕಂಡಿತು. ಗಡಿ ಮುಚ್ಚಿದಾಗ ಅಲ್ಲಿ ವಾಸ ಇದ್ದ ವಿದೇಶಿ ವಿದ್ಯಾರ್ಥಿಗಳು ಎಷ್ಟೋ ಜನ ಹೊರಟೇಹೋದ್ರು. ಅಪಾರ್ಟ್‌ಮೆಂಟ್ ಇತ್ತು, ದೀಪ ಇರಲಿಲ್ಲ. ಅಲ್ಲೂ ಒಂದೇ ಬೆಳೆ ಕಥೇನೇ ಅಂತ ನನಗನ್ನಿಸುತ್ತೆ, ಬೆಳೆ ಮಾತ್ರ ಬೇರೆ.

ಇಷ್ಟೆಲ್ಲ ಹೇಳೋ ನಾನು ಶುಕ್ರವಾರ ಎಲ್ಲಿರ್ತೀನಿ? ಮನೇಲಿ. ಬನಿಯನ್ ಹಾಕ್ಕೊಂಡು ಮೀಟಿಂಗಲ್ಲಿ. ಕ್ಯಾಮೆರಾ ಆಫ್. ಪೇಟೆ ಖಾಲಿ ಅಂತ ವಿಡಿಯೊ ಮಾಡೋನೇ ಅದನ್ನ ಖಾಲಿ ಮಾಡಿದೋರಲ್ಲಿ ಒಬ್ಬ. ದಿನಕ್ಕೆ ಎರಡು ಗಂಟೆ ಟ್ರಾಫಿಕ್ ತಪ್ಪಿದ್ದನ್ನ ವಾಪಸ್ ಕೊಡು ಅಂದ್ರೆ ನಾನಂತೂ ಕೊಡಲ್ಲ. ಬಾಸ್ ಕಣ್ಣು ಕೆಂಪು ಮಾಡಿ ಕರೆಸಿದ್ರೆ ಬರ್ತೀನಿ, ಕಾರ್ಡ್ ತೋರಿಸ್ತೀನಿ, ಊಟದ ಡಬ್ಬಿ ಮನೆಯಿಂದಲೇ ತಂದು ಸಂಜೆ ಓಡ್ತೀನಿ. ಅದರಿಂದ ನೆಲಮಹಡಿಯೋರಿಗೆ ಏನು ಬಂತು? ಆದ್ರೆ ಮೊನ್ನೆ ಶುಕ್ರವಾರ, ಯಾರೂ ಕರೀದೇ, ಮೂರು ಗಂಟೆ ಅಲ್ಲಿ ಸುತ್ತಿದೆ. ಶೂ ಹೊಲಿಸ್ಕೊಂಡೆ. ರಸ್ತೆ ಮಧ್ಯ ಹಾಕಿದ್ದ ಬೆಂಚ್ ಮೇಲೆ ಕೂತೆ. 2019ರಲ್ಲಿ ಆ ಜಾಗದಲ್ಲಿ ಕೂತಿದ್ರೆ ಬಸ್ಸು ಹತ್ತಿಸ್ಕೊಂಡು ಹೋಗ್ತಿತ್ತು.

ಕೊನೇ ಶಾಟ್. ಅವತ್ತೇ, ಸಂಜೆ ಆರೂಮುಕ್ಕಾಲು, ಬ್ಯಾಟರಿ ಶೇ 4. ಗಾಜಿನ ದೊಡ್ಡ ಕಟ್ಟಡ, ಪೂರ್ತಿ ಕತ್ತಲು. ಜೂಮ್ ಮಾಡ್ತೀನಿ, ತಾಳಿ. ಏಳನೇ ಮಹಡಿ, ಎಡಗಡೆಯಿಂದ ಮೂರನೇ ಕಿಟಕಿ. ಯಾರೋ ಒಂದು ಟವೆಲ್ ಒಣಗಿಹಾಕಿದಾರೆ.