ಸುಟ್ಟ ಗುಡಿಸಲು, ಮನೆಗೆ ಬಂದ ಹುಡುಗ

ಎಲ್ಲರಿಗೂ ನಮಸ್ಕಾರ. ಅಂತರ್ಯುದ್ಧ ಮುಗಿದ ಮೇಲೆ ಊರುಗಳು ಹೇಗೆ ಚೇತರಿಸಿಕೊಳ್ಳುತ್ತವೆ ಎಂಬ ವಿಷಯ ಕೊಟ್ಟಿದ್ದೀರಿ. ಇಡೀ ಜಗತ್ತು ಸುತ್ತುವಷ್ಟು ಹೊತ್ತು ನನಗೂ ಇಲ್ಲ, ನಿಮಗೂ ಇಲ್ಲ. ಒಂದೇ ದೇಶಕ್ಕೆ ಹೋಗಿ ಬರೋಣ: ಆಫ್ರಿಕಾದ ಪೂರ್ವ ಕರಾವಳಿಯ ಮೊಜಾಂಬಿಕ್.

1975ರಲ್ಲಿ ಪೋರ್ಚುಗೀಸರಿಂದ ಬಿಡಿಸಿಕೊಂಡ ಆ ದೇಶ ಎರಡೇ ವರ್ಷಕ್ಕೆ ತನ್ನೊಳಗೇ ಕಾದಾಟಕ್ಕೆ ಬಿತ್ತು. ಒಂದು ಕಡೆ ಫ್ರೆಲಿಮೊ ಸರ್ಕಾರ. ಇನ್ನೊಂದು ಕಡೆ ರೆನಾಮೊ ಬಂಡುಕೋರರು. ಅವರನ್ನು ಸಾಕಿದ್ದು ಮೊದಲು ರೊಡೇಷಿಯಾ (ಇಂದಿನ ಜಿಂಬಾಬ್ವೆ), ಆಮೇಲೆ ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರ. 1992ರ ಅಕ್ಟೋಬರ್ 4ರಂದು ರೋಮ್‌ನಲ್ಲಿ ಒಪ್ಪಂದಕ್ಕೆ ಸಹಿ ಬೀಳುವಷ್ಟರಲ್ಲಿ, ಹಸಿವಿಗೆ ಬಲಿಯಾದವರೂ ಸೇರಿ, ಸುಮಾರು 10 ಲಕ್ಷ ಜನ ಸತ್ತಿದ್ದರು. ಸುಮಾರು 17 ಲಕ್ಷ ಮಂದಿ ನೆರೆಯ ದೇಶಗಳಲ್ಲಿ ನಿರಾಶ್ರಿತರಾಗಿದ್ದರು.

ಅದೇ ತಿಂಗಳು ಸಂಸತ್ತು ಎಲ್ಲರಿಗೂ ಕ್ಷಮಾದಾನ ಕೊಟ್ಟುಬಿಟ್ಟಿತು. ವಿಚಾರಣೆಯಿಲ್ಲ, ಸತ್ಯಶೋಧನೆಯ ಆಯೋಗವಿಲ್ಲ. ರಾಜಧಾನಿಯಲ್ಲಿ ಕೂತವರಿಗೆ ಅಲ್ಲಿಗೆ ಕಡತ ಮುಗಿಯಿತು. ಆದರೆ ನಿಮ್ಮ ಕಣಜಕ್ಕೆ ಬೆಂಕಿಯಿಟ್ಟವನು ನಾಳೆ ಬೆಳಿಗ್ಗೆ ಅದೇ ಬಾವಿಗೆ ನೀರು ಸೇದಲು ಬಂದರೆ ಏನು ಮಾಡುತ್ತೀರಿ? ಒಪ್ಪಂದದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಹಣದ ಉತ್ತರ ಒಂದಿತ್ತು. ಎರಡೂ ಕಡೆಯ ಸುಮಾರು 90 ಸಾವಿರ ಸೈನಿಕರನ್ನು ಮನೆಗೆ ಕಳಿಸಿದಾಗ, ಅವರು ಆರಿಸಿಕೊಂಡ ಜಿಲ್ಲೆಯ ಬ್ಯಾಂಕಿನಲ್ಲೇ ಎರಡು ವರ್ಷ ಹಣ ಸಿಗುವಂತೆ ಮಾಡಿದರು. ಜಾಣತನದ ಕೆಲಸವೆಂದೇ ನನ್ನ ಅಭಿಪ್ರಾಯ. ಬರಿಗೈಯಲ್ಲಿ ಬಂದವನನ್ನು ಯಾವ ಊರೂ ಬಹಳ ದಿನ ಸಹಿಸುವುದಿಲ್ಲ.

ರೆನಾಮೊ ಹೊತ್ತೊಯ್ದು ಬಂದೂಕು ಹಿಡಿಸಿದ್ದ ಹುಡುಗರ ಸಂಗತಿ ಬೇರೆ. ಅಂಥ ಒಬ್ಬ ಹುಡುಗ ಹಿಂದಿರುಗಿದಾಗ ಮನೆಯವರು ಅವನನ್ನು ನೇರವಾಗಿ ಹೊಸಿಲು ದಾಟಿಸಲಿಲ್ಲ. ಊರಾಚೆಯ ಕುರುಚಲು ಕಾಡಿನಲ್ಲಿ ಒಣಹುಲ್ಲಿನ ಪುಟ್ಟ ಗುಡಿಸಲು ಕಟ್ಟಿದರು. ರೆನಾಮೊ ಶಿಬಿರದಿಂದ ಉಟ್ಟು ಬಂದ ಕೊಳಕು ಬಟ್ಟೆಯಲ್ಲೇ ಅವನನ್ನು ಒಳಗೆ ಕೂರಿಸಿ, ಬಟ್ಟೆ ಕಳಚಿಸಿದರು. ಆಮೇಲೆ ಗುಡಿಸಲಿಗೆ ಬೆಂಕಿಯಿಟ್ಟರು. ಹಿರಿಯರೊಬ್ಬರು ಕೈಹಿಡಿದು ಅವನನ್ನು ಹೊರಗೆ ಎಳೆದುಕೊಂಡರು. ಬಟ್ಟೆ, ಶಿಬಿರದಿಂದ ತಂದ ಸಾಮಾನು, ಗುಡಿಸಲು, ಎಲ್ಲ ಬೂದಿ. ಬಳಿಕ ಬೇರುನಾರಿನ ಹೊಗೆ, ಮದ್ದು ಬೆರೆಸಿದ ನೀರಿನ ಸ್ನಾನ. ‘ಅಲ್ಲಿ ಏನು ಮಾಡಿದೆ?’ ಎಂದು ಕೆದಕಿ ಕೇಳುವ ಪದ್ಧತಿ ಅಲ್ಲಿಲ್ಲ. ಒಳಗಿನದನ್ನೆಲ್ಲ ಹೊರಗೆ ಹೇಳಿಸಿದರೇನೇ ಗಾಯ ಮಾಯುವುದೆಂದು ಕಲಿತು ಬಂದ ಪರದೇಶದ ಆಪ್ತಸಲಹೆಗಾರರಿಗೆ ಇದನ್ನು ಅರಗಿಸಿಕೊಳ್ಳುವುದು ಕಷ್ಟವಾಯಿತು.

ಬಂದೂಕುಗಳ ಕತೆ ಸ್ವಲ್ಪ ಹೇಳಬೇಕು. 1995ರಲ್ಲಿ ಬಿಷಪ್ ದಿನಿಸ್ ಸೆಂಗುಲಾನೆ ಅವರ ಮುಂದಾಳತ್ವದಲ್ಲಿ ಅಲ್ಲಿನ ಕ್ರೈಸ್ತ ಮಂಡಳಿ ಒಂದು ವಿನಿಮಯ ಆರಂಭಿಸಿತು: ಬಂದೂಕು ಕೊಡಿ, ಹೊಲಿಗೆ ಯಂತ್ರವನ್ನೋ ಸೈಕಲ್ಲನ್ನೋ ಗುದ್ದಲಿಯನ್ನೋ ಒಯ್ಯಿರಿ. ಮಹಾನವಮಿಯ ದಿನ ಹೊಲಿಗೆ ಯಂತ್ರಕ್ಕೂ ಕುಂಕುಮ ಹಚ್ಚಿ ‘ಆಯುಧಪೂಜೆ’ ಎನ್ನುವ ನಮಗೆ ಈ ಅದಲುಬದಲು ಬಹಳ ಬೇಗ ಅರ್ಥವಾದೀತು. ಒಪ್ಪಿಸಿದ ಬಂದೂಕುಗಳನ್ನು ಕತ್ತರಿಸಿ ಕಲಾವಿದರು ಕುರ್ಚಿ, ಮರ, ಹಕ್ಕಿಗಳನ್ನು ಮಾಡಿದರು. ತಮಾಷೆಯೆಂದರೆ, ಆ ದೇಶದ ಬಾವುಟದಲ್ಲಿ ಇವತ್ತಿಗೂ ಗುದ್ದಲಿಯ ಜೊತೆ ಎಕೆ-47 ಇದೆ.

ಇಷ್ಟಾದರೂ ಕೊಲೆಯಾದವರ ಲೆಕ್ಕ ಉಳಿದೇ ಇತ್ತು. ರೆನಾಮೊದ ಕೋಟೆಯಾಗಿದ್ದ ಗೊರೊಂಗೋಸಾ ಪ್ರದೇಶದಲ್ಲಿ ಯುದ್ಧದ ನಂತರ ‘ಗಾಂಬಾ’ ಎಂಬ ಆತ್ಮಗಳು ಜನರ ಮೈಮೇಲೆ ಬರತೊಡಗಿದವು. ಯುದ್ಧದಲ್ಲಿ ಸತ್ತ ಗಂಡಸರ, ಹೆಚ್ಚಾಗಿ ಸೈನಿಕರ, ಆತ್ಮಗಳು. ಹೆಚ್ಚಾಗಿ ಹೆಂಗಸರನ್ನೇ ಹಿಡಿಯುತ್ತಿದ್ದವು. ಕಾಯಿಲೆ ನಿಲ್ಲದು, ಮಗು ಉಳಿಯದು. ನಾಟಿ ವೈದ್ಯನ ಮುಂದೆ ಸಂಬಂಧಪಟ್ಟ ಮನೆಯವರೆಲ್ಲ ಕೂರಬೇಕು. ಆತ್ಮ ಹಿಡಿದ ಹೆಂಗಸಿನ ಬಾಯಿಂದ ಸತ್ತವನು ಮಾತಾಡುತ್ತಾನೆ: ನನ್ನನ್ನು ಇಂಥವರು, ಹೀಗೆ ಕೊಂದರು. ನೇಮದಲ್ಲಿ ದೈವದ ನುಡಿಗೆ ಕಿವಿಗೊಟ್ಟು ಕೂತ ನಮ್ಮ ಕರಾವಳಿಯವರಿಗೆ ಆ ಸಭೆಯ ಬಿಗಿ ಗೊತ್ತಿರುತ್ತದೆ.

ಆಪಾದನೆ ಹೊತ್ತ ಮನೆಯವರು ಒಮ್ಮೆಲೇ ಒಪ್ಪುವುದಿಲ್ಲ. ಇಲ್ಲವೆನ್ನುತ್ತಾರೆ, ಜಗಳವಾಡುತ್ತಾರೆ. ಒಪ್ಪಿದರೆ, ಸತ್ತವನಿಗೆ ಕೊಡಬೇಕಾದ ಪರಿಹಾರವೇನೆಂಬ ಚೌಕಾಸಿ ಶುರುವಾಗುತ್ತದೆ. ಸಂಸತ್ತು ಆ ಕೊಲೆಯನ್ನು ಕ್ಷಮಿಸಿ ಆಗಲೇ ಎಷ್ಟೋ ವರ್ಷವಾಗಿರುತ್ತದೆ.