ಲಿವರ್ ಬರುತ್ತೆ, ನಿಮಿಷ ಬರೋಲ್ಲ

ಅಧ್ಯಕ್ಷರು ನನ್ನನ್ನ ಹೊಗಳೋದರಲ್ಲೇ, ಚಿಕ್ಕ ವಿಮಾನದಿಂದ ವೇಗದ ವಿಮಾನಕ್ಕೆ ಹೋಗೋ ಬಗ್ಗೆ ಮಾತಾಡೋಕಿದ್ದ ನನ್ನ ಹತ್ತು ನಿಮಿಷ ಮುಗಿಸಿಬಿಟ್ರು. ಬೇಸರವಿಲ್ಲ. ವಿಮಾನದ ವಿಷಯದಲ್ಲಿ ಹಾಸನದವರಿಗೆ ತಾಳ್ಮೆ ಕಲಿಸಬೇಕಾ? ಬೂವನಹಳ್ಳಿ ವಿಮಾನ ನಿಲ್ದಾಣಕ್ಕೆ 2007ರಲ್ಲಿ ಶಂಕುಸ್ಥಾಪನೆ ನೋಡಿದೋರು ನೀವು.

ಮುಂದಿನ ಸಾಲಲ್ಲಿ ಕೂತಿರೋ ಹುಡುಗ ಹುಡುಗಿಯರಲ್ಲಿ ಕೆಲವರು ಬೆಂಗಳೂರಿನ ಜಕ್ಕೂರಿನ ಕಡೆ ಸೆಸ್ನಾ 152 ಅನ್ನೋ ಕಲಿಕೆಯ ಪುಟ್ಟ ವಿಮಾನ ಹಾರಿಸಿ ಬಂದಿದ್ದೀರಿ. 110 ಅಶ್ವಶಕ್ತಿ, ಚಕ್ರ ಯಾವಾಗಲೂ ಕೆಳಗೇ. ಇನ್ನು ಪೈಪರ್ ಆ್ಯರೋ ಥರದ್ದಕ್ಕೆ ಹತ್ತಬೇಕು: 200 ಅಶ್ವಶಕ್ತಿ, ಮಡಚೋ ಚಕ್ರ, ಪಿಚ್, ಅಂದ್ರೆ ಅಲಗಿನ ಕೋನ, ಬದಲಾಗೋ ಪ್ರೊಪೆಲ್ಲರ್, ಅದಕ್ಕೊಂದು ಬೇರೆ ಲಿವರ್. ಎಲ್ಲರೂ ಕೇಳೋದು ಒಂದೇ, "ಸಾರ್, ಆ ಇನ್ನೊಂದು ಲಿವರ್ ಕಷ್ಟಾನಾ?" ಲಿವರ್ ಒಂದು ಮಧ್ಯಾಹ್ನದಲ್ಲಿ ಬರುತ್ತೆ ಕಣ್ರಪ್ಪಾ, ನಿಮಿಷ ಬರೋಲ್ಲ. ನಾಟ್ ಅಂದ್ರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿಲೋಮೀಟರ್. 90 ನಾಟ್‌ನಲ್ಲಿ ನಿಮಿಷಕ್ಕೆ ಒಂದೂವರೆ ನಾಟಿಕಲ್ ಮೈಲಿ. 140ರಲ್ಲಿ ಎರಡೂಕಾಲು ದಾಟುತ್ತೆ. ತಲೆ ಮಾತ್ರ ಇನ್ನೂ 90ರಲ್ಲೇ ಇರುತ್ತೆ.

ಸಕಲೇಶಪುರದ ಕಡೆಯ ಒಬ್ಬ ಶಿಷ್ಯ ಇದ್ದ. 152ರಲ್ಲಿ ಇಳಿಸಿದರೆ ಚಕ್ರ ನೆಲ ಮುಟ್ಟಿದ್ದೇ ಗೊತ್ತಾಗ್ತಿರಲಿಲ್ಲ. ಆ್ಯರೋದಲ್ಲಿ ದೂರದ ಹಾರಾಟ ಮುಗಿಸಿ ವಾಪಸ್ ಬರ್ತಿದ್ವಿ. ಆಕಾಶ ಶುಭ್ರ, ಇವನು ಅವರ ತೋಟದ ಮೆಣಸಿನ ರೇಟು ಹೇಳ್ತಾ ಕೂತಿದ್ದ. ನಾನು ಬೇಕಂತಲೇ ಸುಮ್ಮನಿದ್ದೆ. ರನ್‌ವೇ ಮೂಗಿನ ಕೆಳಗೆ ಬಂದಾಗ ನಾವಿನ್ನೂ ಮೂರು ಸಾವಿರ ಅಡಿ ಹೆಚ್ಚು ಎತ್ತರದಲ್ಲಿದ್ವಿ! ಗಾಬರಿಯಲ್ಲಿ ಮೂಗು ತಗ್ಗಿಸಿದ, ವೇಗದ ಮುಳ್ಳು ಎಚ್ಚರಿಕೆಯ ಹಳದಿ ಪಟ್ಟಿಗೆ ಹೋಯ್ತು. ಚಕ್ರದ ಸ್ವಿಚ್‌ಗೆ ಕೈ ಹಾಕಿದ, ನಾನು ಆ ಕೈ ಹಿಡ್ಕೊಂಡೆ. ಸುಮಾರು 130 ನಾಟ್ ಮೀರಿದರೆ ಚಕ್ರ ಇಳಿಸೋ ಹಾಗಿಲ್ಲ. ವೇಗ ತಗ್ಗದೆ ಚಕ್ರ ಇಳಿಸೋ ಹಾಗಿಲ್ಲ, ಚಕ್ರ ಇಳಿಸದೆ ವೇಗ ತಗ್ಗೋಲ್ಲ. ಎಂಜಿನ್ ಪವರ್ ತಗ್ಗಿಸೋಕೆ ಥ್ರಾಟಲ್ ಪೂರ್ತಿ ಎಳೆದ, ಚಕ್ರ ಇಳಿದಿಲ್ಲ ಅಂತ ಹಾರ್ನ್ ಕಿರುಚೋಕೆ ಶುರುವಾಯ್ತು. "ಸಾರ್, ಮೊದಲು ಇದನ್ನ ಆಫ್ ಮಾಡಿ" ಅಂದ!

ಟವರ್‌ಗೆ ಹೇಳಿ, ಮಟ್ಟಕ್ಕೆ ತಂದು, ದೊಡ್ಡ ಸುತ್ತು ಹಾಕಿ ಇಳಿದ್ವಿ. ಆಮೇಲೆ ಲಾಗ್‌ಬುಕ್ ಪಕ್ಕದಲ್ಲಿಟ್ಟು ಲೆಕ್ಕ ಬರೆಸಿದೆ: ಮೂರು ಡಿಗ್ರಿ ಇಳಿಜಾರಲ್ಲಿ 3000 ಅಡಿಗೆ ಒಂಬತ್ತು ಚಿಲ್ಲರೆ ನಾಟಿಕಲ್ ಮೈಲಿ, ವೇಗ ತಗ್ಗಿಸೋಕೆ ಇನ್ನೊಂದೆರಡು. ಅಂದ್ರೆ ಐದು ನಿಮಿಷ ಮೊದಲೇ ಇಳಿಯೋಕೆ ಶುರು ಮಾಡಬೇಕಿತ್ತು. ಶಿರಾಡಿ ಘಾಟಿ ಇಳಿಯೋ ಲಾರಿ ಡ್ರೈವರ್ ತಿರುವು ಬರೋಕೆ ಮುಂಚೆಯೇ ಗೇರ್ ತಗ್ಗಿಸ್ತಾನಲ್ಲ, ಅಷ್ಟೇ.

1947ರಲ್ಲಿ ಮಾರಾಟಕ್ಕೆ ಬಂದ ಬೀಚ್‌ಕ್ರಾಫ್ಟ್ ಬೊನಾಂಜಾಕ್ಕೆ ಅಮೆರಿಕದಲ್ಲಿ 'ಡಾಕ್ಟರುಗಳನ್ನ ಕೊಲ್ಲೋ ವಿಮಾನ' ಅಂತ ಅಡ್ಡಹೆಸರು ಬಿತ್ತು. ಸಭೆಯಲ್ಲಿರೋ ಡಾಕ್ಟರುಗಳು ಕ್ಷಮಿಸಬೇಕು. ಕೊಳ್ಳೋಕೆ ದುಡ್ಡಿತ್ತು, ಅಭ್ಯಾಸಕ್ಕೆ ಬಿಡುವಿರಲಿಲ್ಲ. ಅಲ್ಲೂ ನನ್ನ ಪ್ರಕಾರ ಕೊರತೆ ನಿಮಿಷದ್ದೇ.

ಚೀಟಿ ಬಂತು. ಸರಿ, ಬೇಗ ಹೇಳ್ತೀನಿ. ಪವರ್ ಹೆಚ್ಚಿಸುವಾಗ ಆರ್‌ಪಿಎಂ (ಪ್ರೊಪೆಲ್ಲರ್ ತಿರುಗೋ ವೇಗ, ಆ ಇನ್ನೊಂದು ಲಿವರ್‌ನದ್ದು) ಮೊದಲು, ತಗ್ಗಿಸುವಾಗ ಮ್ಯಾನಿಫೋಲ್ಡ್ ಒತ್ತಡ (ಎಂಜಿನ್‌ಗೆ ಹೋಗೋ ಗಾಳಿಯ ಒತ್ತಡ, ಥ್ರಾಟಲ್‌ನದ್ದು) ಮೊದಲು. ಟೇಕಾಫ್‌ನಲ್ಲಿ ಮೂಗು ಎಡಕ್ಕೆ ಎಳೆಯುತ್ತೆ, ಪೆಡಲ್ ಒತ್ತೋ ಬಲಗಾಲಿಗೆ ಕೆಲಸ ಜಾಸ್ತಿ. ನಮ್ಮೂರಿನ ಎತ್ತರವೇ 3000 ಅಡಿ ಮೇಲೆ. 30 ಡಿಗ್ರಿ ಬಿಸಿಲಲ್ಲಿ ಗಾಳಿ 5000 ಅಡಿಗೂ ಮೇಲಿನಷ್ಟು ತೆಳುವಾಗಿರುತ್ತೆ, ರನ್‌ವೇ ಉದ್ದ ಬೇಕು. ಇನ್ಶೂರೆನ್ಸ್ ವಿಷಯ ಬಿಟ್ಟೆ. ಹೊರಗೆ ಕಾಫಿ ಇದೆಯಂತೆ, ಅಲ್ಲೇ ಕೇಳಿ.