ಮುಂಬಯಿ ಗ್ಯಾಲರಿಯಲ್ಲಿ ಮಂಗರಬಳ್ಳಿ

ಎಲ್ಲರಿಗೂ ನಮಸ್ಕಾರ. ಇವತ್ತು ಗ್ಯಾಲರಿಯಲ್ಲಿ, ಅಂದರೆ ಮನೆಯ ಬಾಲ್ಕನಿಯಲ್ಲಿ, ಮಂಗರಬಳ್ಳಿ ಬೆಳೆಸುವ ಮಾತು. ಮಂಗರಬಳ್ಳಿಯನ್ನು ಕೆಲವರು ಸಂದುಬಳ್ಳಿ ಎನ್ನುತ್ತಾರೆ. ಪಕ್ಕದ ಮನೆಯ ಮರಾಠಿಯವರನ್ನು ಕೇಳಿದರೆ ಕಾಂಡವೇಲ್. ನೋಡಲು ಕಳ್ಳಿಯಂತಿದ್ದರೂ ಇದು ದ್ರಾಕ್ಷಿಯ ಕುಟುಂಬದ್ದು. ನನ್ನ ಕೈಯಲ್ಲಿರುವ ಈ ತುಂಡು ನೋಡಿ: ನಾಲ್ಕು ಏಣು, ಗೆಣ್ಣು ಬಂದಲ್ಲೆಲ್ಲ ದಾರ ಕಟ್ಟಿ ಬಿಗಿದಂತೆ ಸಪೂರ. ಗೆಣ್ಣಿನ ಒಂದು ಬದಿಗೆ ಎಲೆ, ಅದರೆದುರಿಗೆ ಸುರುಳಿ ಎಳೆ. ಎಲೆ ಬೇಗ ಉದುರುತ್ತದೆ, ಗಾಬರಿ ಬೇಡ. ಅಡುಗೆ ಕೆಲಸವೆಲ್ಲ ಹಸಿರು ಕಾಂಡದ್ದೇ.

ಏಣಿರುವ ಕಳ್ಳಿಗಳೂ ಹೀಗೇ ಕಾಣುತ್ತವೆ. ಮುಳ್ಳಿದ್ದರೆ, ಮುರಿದಾಗ ಬಿಳಿ ಹಾಲು ಸುರಿದರೆ ತರಬೇಡಿ. ಆ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಮಂಗರಬಳ್ಳಿಯಲ್ಲಿ ಬರುವುದು ನೀರಿನಂಥ ಲೋಳೆ.

ನೆಡಲು ಮೂರು ಗೆಣ್ಣಿನ ಬಲಿತ ತುಂಡು ಸಾಕು. ನೆರಳಿನಲ್ಲಿ 3–4 ದಿನ ಇಟ್ಟು ಕತ್ತರಿಸಿದ ಬಾಯಿ ಒಣಗಲಿ. ಬೇರು ಒಡೆಯುವುದು ಗೆಣ್ಣಿನಲ್ಲಿ. ಹಾಗಾಗಿ ಒಂದು ಗೆಣ್ಣು ಮಣ್ಣಿನೊಳಗೆ ಹೋಗಲೇಬೇಕು. ಎಲೆ ಉದುರಿದ ಗುರುತಿನ ಮೇಲ್ಗಡೆ ಸಣ್ಣ ಮೊಗ್ಗಿರುತ್ತದೆ, ಅದನ್ನು ನೋಡಿಕೊಂಡರೆ ತಲೆಕೆಳಗಾಗುವುದಿಲ್ಲ. 8 ಇಂಚಿನ ಮಣ್ಣಿನ ಕುಂಡಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಇಟ್ಟಿಗೆ ಚೂರು, ಅರ್ಧ ಪಾಲು ಗೊಬ್ಬರ. ನೀರು ನೆಟ್ಟ ದಿನ ಬೇಡ, ಐದನೆಯ ದಿನಕ್ಕೆ.

ಈ ಊರಿನಲ್ಲಿ ಬಳ್ಳಿ ಸಾಯುವುದು ಹೆಚ್ಚಾಗಿ ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರಿನೊಳಗೆ ಇಲ್ಲಿ ಸುರಿಯುವುದು 2000 ಮಿಲಿಮೀಟರಿಗೂ ಮೇಲೆ. ಆದ್ದರಿಂದ ನೆಡುವುದು ಫೆಬ್ರವರಿ ಅಥವಾ ಅಕ್ಟೋಬರಿನಲ್ಲಿ. ಜುಲೈನಲ್ಲಿ ನೆಟ್ಟ ತುಂಡು ಬೇರು ಬಿಡುವ ಮೊದಲೇ ಕೊಳೆಯುತ್ತದೆ. ಮಳೆ ಹಿಡಿಯುತ್ತಲೇ ಕುಂಡವನ್ನು ಗ್ರಿಲ್‌ನಿಂದ ಒಳಗೆ ಛಜ್ಜದ ಕೆಳಗೆ ತನ್ನಿ, ಅಡಿಯ ತಟ್ಟೆ ತೆಗೆದುಬಿಡಿ. ನೆಲದ ಹತ್ತಿರದ ಗೆಣ್ಣು ಕಂದಾಗಿ, ಒತ್ತಿದರೆ ಮೆತ್ತಗಾದರೆ ಔಷಧಿ ಹುಡುಕುತ್ತ ಕೂರಬೇಡಿ. ಅದಕ್ಕಿಂತ ಒಂದು ಗೆಣ್ಣು ಮೇಲೆ ಕತ್ತರಿಸಿ, ಕೊಯ್ದ ಜಾಗ ನೋಡಿ. ಒಳಗೆ ಕಂದು ಚುಕ್ಕೆ ಕಂಡರೆ ಇನ್ನೊಂದು ಗೆಣ್ಣು ಮೇಲೆ. ಶುಭ್ರವಾಗಿದ್ದರೆ ಒಣಗಿಸಿ ಹೊಸ ಮಣ್ಣಿಗೆ. ಪ್ರತಿ ಸಲ ಚಾಕು ಒರೆಸಿಕೊಳ್ಳಿ. ಪುಣೆಯವರಿಗೆ ಮಳೆಯ ಕಾಟ ಇಷ್ಟಿಲ್ಲ, ಚಳಿಗಾಲದಲ್ಲಿ ನೀರು ಕಡಿಮೆ ಮಾಡಿದರಾಯಿತು.

ಗೆಣ್ಣಿನ ಸಂದಿಯಲ್ಲಿ ಹತ್ತಿಯಂಥ ಬಿಳಿ ಹಿಟ್ಟುತಿಗಣೆ ಕೂತರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪು ಸೇರಿಸಿ ಸಂಜೆ ಸಿಂಪಡಿಸಿ. ತುಂಡುಗಳು ಸಪೂರವಾಗಿ ಉದ್ದಕ್ಕೆ ಎಳೆದರೆ ಬಿಸಿಲು ಸಾಲದು. ಏಣು ಸುಕ್ಕುಗಟ್ಟಿ, ಮಣ್ಣೂ ಒಣಗಿದ್ದರೆ ಬಾಯಾರಿಕೆ. ಮಣ್ಣು ಒದ್ದೆಯಿದ್ದೂ ಸುಕ್ಕಾದರೆ ಬೇರು ಹೋಗಿದೆ, ಮೇಲೆ ಹೇಳಿದಂತೆ ಕತ್ತರಿಸಿ.

ಇದಕ್ಕೆ ಹಾಡಜೋಡ್, ಅಂದರೆ ಮೂಳೆ ಕೂಡಿಸುವುದು, ಎಂಬ ಹೆಸರೂ ಇದೆ ನಿಜ, ಆದರೆ ಕೈ ಮುರಿದರೆ ಮೊದಲು ಎಕ್ಸ್‌ರೇ. ಚಟ್ನಿಗಾದರೆ ತುದಿಯ ಎಳೆಯ ಎರಡು ತುಂಡು ಮಾತ್ರ ಮುರಿದುಕೊಳ್ಳಿ. ಕಾಂಡದಲ್ಲಿ ಆಕ್ಸಲೇಟ್ ಎಂಬ ಲವಣದ ಸೂಜಿಯಂಥ ಸಣ್ಣ ಹರಳುಗಳಿರುವುದರಿಂದ ಹಸಿಯದು ಬಾಯಿ ತುರಿಸುತ್ತದೆ. ಕೈಗೆ ಎಣ್ಣೆ ಸವರಿ ಏಣಿನ ನಾರು ತೆಗೆದು, ಎಣ್ಣೆಯಲ್ಲಿ ಬಣ್ಣ ತಿರುಗುವವರೆಗೆ ಹುರಿದು, ಹುಣಸೆ ಸ್ವಲ್ಪ ಧಾರಾಳವಾಗಿಯೇ ಹಾಕಿ ರುಬ್ಬಿ.